ಅಂಗಡಿಯ ಪರವಾನಗಿ

ನ್ಯೂಯಾರ್ಕ್ ನಗರದ ಬೀದಿಮೂಲೆಗಳಲ್ಲಿರುವ ಸಣ್ಣ ಅಂಗಡಿಗಳನ್ನು ಅಲ್ಲಿಯ ಜನರು 'ಬೊಡೇಗ' ಎಂದು ಕರೆಯುವರು. ಅದು ಸ್ಪ್ಯಾನಿಷ್ ಭಾಷೆಯಿಂದ ಬಂದ ಮಾತು. ಹಾಲು, ರೊಟ್ಟಿ, ಮೊಟ್ಟೆ, ಕಾಫಿ, ವೃತ್ತಪತ್ರಿಕೆ, ಸೋಪು, ದೀಪದ ಬುರುಡೆ ಮೊದಲಾಗಿ ಸಂಸಾರಸ್ಥರು ದೊಡ್ಡ ಅಂಗಡಿಯಲ್ಲಿ ಕೊಳ್ಳಲು ಮರೆತುದೆಲ್ಲವೂ ಅಲ್ಲಿ ದೊರೆಯುತ್ತದೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಬಾಗಿಲು ತೆರೆದೇ ಇರುತ್ತದೆ. ಒಂದು ಕಾಲಕ್ಕೆ ಪೋರ್ಟೊರಿಕೊದಿಂದಲೂ ಡೊಮಿನಿಕ ಗಣರಾಜ್ಯದಿಂದಲೂ ಬಂದವರು ಇಂಥ ಅಂಗಡಿಗಳನ್ನು ನಡೆಸುತ್ತಿದ್ದರು. ಬಳಿಕ ಯೆಮನ್ ದೇಶದವರು ಬಹುಸಂಖ್ಯೆಯಲ್ಲಿ ಈ ವ್ಯಾಪಾರಕ್ಕೆ ಇಳಿದರು. ಪತ್ರಿಕೆ ಮಾರುವ ಗೂಡಂಗಡಿಗಳಲ್ಲಿ ಭಾರತ, ಪಾಕಿಸ್ತಾನ, ಬಂಗ್ಲಾದೇಶಗಳ ಮುಖಗಳೂ ಧಾರಾಳವಾಗಿ ಕಾಣಬರುವುವು. ಪರದೇಶಕ್ಕೆ ಬಂದವನು ಕೈಯಲ್ಲಿ ವಿದ್ಯೆಯ ಪತ್ರವಿಲ್ಲದಿದ್ದರೂ ದುಡಿಯುವ ಶಕ್ತಿಯೊಂದನ್ನೇ ನಂಬಿ ಹಿಡಿಯಬಹುದಾದ ಕಸುಬು ಇದು.

ಅಂಥ ಅಂಗಡಿಯನ್ನು ಹೊಕ್ಕವರು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಲ್ಲಿ ಕಟ್ಟು ಹಾಕಿಸಿದ ಕೆಲವು ಕಾಗದಗಳು ತೂಗುತ್ತಿರುತ್ತವೆ. ಹೊಗೆಸೊಪ್ಪಿನ ಸರಕು ಮಾರಲು ಒಂದು, ಬಿಯರ್ ಮಾರಲು ಒಂದು, ಸರ್ಕಾರದ ಲಾಟರಿ ಚೀಟಿ ಮಾರಲು ಒಂದು. ಗಿರಾಕಿಯ ಕಣ್ಣಿಗೆ ಅವು ಧೂಳು ಹಿಡಿದ ಕಾಗದಗಳು. ಅಂಗಡಿಕಾರನಿಗಾದರೋ ಅವೇ ಅಂಗಡಿಯ ಆಸ್ತಿಭಾರ. ಲಾಟರಿ ಚೀಟಿಯ ಮಾರಾಟದಲ್ಲಿ ಅವನಿಗೆ ಸಲ್ಲುವ ಕಮಿಷನ್ನು ನೂರಕ್ಕೆ 6. ಎರಡು ಡಾಲರಿನ ಚೀಟಿ ಮಾರಿದರೆ ಹನ್ನೆರಡು ಸೆಂಟು ಉಳಿಯುತ್ತದೆ. ಇಷ್ಟರಿಂದಲೇ ಯಾರ ಸಂಸಾರವೂ ಸಾಗದು. ಆದರೆ ಚೀಟಿಗೆಂದು ಬಂದವನು ಕಾಫಿ ಕೊಳ್ಳುತ್ತಾನೆ. ಸಿಗರೇಟಿಗೆಂದು ಬಂದವನು ರೊಟ್ಟಿಯನ್ನೂ ಒಯ್ಯುತ್ತಾನೆ. ಆ ಕಾಗದಗಳು ಗಿರಾಕಿಯನ್ನು ಹೊಸ್ತಿಲು ದಾಟಿಸುವ ಕಾಗದಗಳು. ಅವು ಹೋದರೆ ಅಂಗಡಿಯ ಹಾಲೂ ಮೊಟ್ಟೆಯೂ ಸಹ ಕಪಾಟಿನಲ್ಲೇ ಕೆಡುವುವು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಗೆಸೊಪ್ಪಿನ ಚಟವನ್ನು ತಗ್ಗಿಸುವ ಉದ್ದೇಶದಿಂದ ನಗರಸಭೆಯು 2017ರಲ್ಲಿ ಒಂದು ಕಾಯಿದೆ ಮಾಡಿತು. ನಗರದ ಒಂದೊಂದು ವಿಭಾಗದಲ್ಲಿಯೂ ಆಗ ಇದ್ದ ಹೊಗೆಸೊಪ್ಪಿನ ಲೈಸೆನ್ಸುಗಳ ಸಂಖ್ಯೆಯು ಕ್ರಮೇಣ ಅರ್ಧಕ್ಕೆ ಇಳಿಯತಕ್ಕದ್ದೆಂದೂ, ಅಲ್ಲಿಯ ವರೆಗೆ ಹೊಸಬರಿಗೆ ಲೈಸೆನ್ಸು ಕೊಡತಕ್ಕದ್ದಲ್ಲವೆಂದೂ ಅದರ ತಾತ್ಪರ್ಯ. ಆದುದರಿಂದ ಗೋಡೆಯ ಮೇಲಿನ ಆ ಒಂದು ಕಾಗದ ಕಳೆದುಹೋದರೆ, ಬೇರೊಂದನ್ನು ಅರ್ಜಿ ಹಾಕಿ ಪಡೆಯುವುದು ಸುಲಭವಲ್ಲ. ಬಂದೀಖಾನೆಗೆ ಹೋದವನು ಅವಧಿ ಮುಗಿದ ಮೇಲೆ ಮನೆಗೆ ಬಂದಾನು. ಕಳೆದುಹೋದ ಲೈಸೆನ್ಸು ಹಾಗೆ ಮರಳುವ ಭರವಸೆಯಿಲ್ಲ.

ಇಂಥ ಅಂಗಡಿಕಾರನ ಎದುರಿಗೆ 2021ನೆಯ ಇಸವಿಯಲ್ಲಿ ಒಂದು ಹೊಸ ಆಸೆ ಬಂದು ನಿಂತಿತು. ಆ ವರ್ಷದ ಮಾರ್ಚಿ 31ರಂದು ನ್ಯೂಯಾರ್ಕ್ ಸಂಸ್ಥಾನವು ಗಾಂಜದ ಮೇಲಣ ನಿಷೇಧವನ್ನು ತೆಗೆದುಹಾಕಿತು. 21 ವರ್ಷ ತುಂಬಿದವರು ಮೂರು ಔನ್ಸಿನ ವರೆಗೆ, ಎಂದರೆ ಸುಮಾರು 85 ಗ್ರಾಂ, ಇಟ್ಟುಕೊಳ್ಳಬಹುದೆಂದು ಶಾಸನವಾಯಿತು. ಆದರೆ ಮಾರುವವನಿಗೆ ಪ್ರತ್ಯೇಕವಾದ ಪರವಾನಗಿ ಬೇಕು. ಅದನ್ನು ಕೊಡತಕ್ಕ ಮಂಡಲಿಯ ಸದಸ್ಯರ ನೇಮಕವಾಗುವುದಕ್ಕೇ ಸೆಪ್ಟೆಂಬರ್ ತಿಂಗಳು ಬಂತು. ಮೊದಲ 36 ಪರವಾನಗಿಗಳು ಮಂಜೂರಾದುದು 2022ರ ನವೆಂಬರಿನಲ್ಲಿ. ಕಾಯಿದೆಗೆ ಒಪ್ಪಿದ ಮೊದಲನೆಯ ಮಾರಾಟ ನಡೆದುದು ಅದೇ ಡಿಸೆಂಬರ್ 29ರಂದು, ಮ್ಯಾನ್‌ಹಟನ್ನಿನಲ್ಲಿ, ಎಚ್.ಐ.ವಿ. ರೋಗಿಗಳಿಗೂ ಮನೆಯಿಲ್ಲದವರಿಗೂ ಸೇವೆ ಮಾಡುವ ಧರ್ಮಸಂಸ್ಥೆಯೊಂದರ ಅಂಗಡಿಯಲ್ಲಿ. ಅದಾಗಿ ಒಂದು ವರ್ಷ ಕಳೆದರೂ ಇಡೀ ಸಂಸ್ಥಾನದಲ್ಲಿ ಅಂಥ ಅಂಗಡಿಗಳ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ.

ಇಟ್ಟುಕೊಳ್ಳಲು ಅಪ್ಪಣೆಯುಂಟು, ಕೊಳ್ಳಲು ಅಂಗಡಿಯಿಲ್ಲ. ಇಂಥ ತೆರಪನ್ನು ಲೋಕವು ಎಂದೂ ಬರಿದಾಗಿ ಬಿಟ್ಟುದಿಲ್ಲ. ಹೊಗೆಯಂಗಡಿಗಳು ನಗರದ ಬೀದಿಬೀದಿಗಳಲ್ಲಿಯೂ ತಲೆಯೆತ್ತಿದುವು. ಅವುಗಳಿಗೆ ಬಣ್ಣಬಣ್ಣದ ದೀಪಗಳು, ಹಸುರು ಎಲೆಯ ಚಿತ್ರಗಳು. ಪರವಾನಗಿಯಿಲ್ಲದ ಇಂಥ ಅಂಗಡಿಗಳು ಸುಮಾರು 1,500 ಇರಬಹುದೆಂದು 2023ರಲ್ಲಿ ನಗರದ ಅಧಿಕಾರಿಗಳೇ ಅಂದಾಜು ಮಾಡಿದರು. ಮೂಲೆಯಂಗಡಿಯ ಯಜಮಾನನು ಇದನ್ನೆಲ್ಲ ನೋಡುತ್ತಲೇ ಇದ್ದನು. ಎದುರು ಸಾಲಿನ ಹೊಸ ಅಂಗಡಿಯಲ್ಲಿ ಸಂಜೆಯಾದರೆ ಜನ ಸಾಲುಗಟ್ಟಿ ನಿಲ್ಲುವರು. ಅವನ ಅಂಗಡಿಯಲ್ಲಿ ಬಾಡಿಗೆ ಏರಿದೆ, ವ್ಯಾಪಾರ ಇಳಿದಿದೆ. ಸರಕು ತಂದು ಕೊಡುವವನೊಬ್ಬನು ಬಂದು, "ಎಲ್ಲರೂ ಇಟ್ಟಿದ್ದಾರೆ; ನೀನೊಬ್ಬನು ಇಡದಿದ್ದರೆ ಸರ್ಕಾರ ನಿನಗೆ ಬಿರುದು ಕೊಡುತ್ತದೆಯೇ?" ಎಂದು ಕೇಳಿದರೆ ಅವನು ಏನು ಹೇಳಬೇಕು? ಹಾಗೆ ಕೇಳಿಸಿಕೊಂಡವರು ಎಷ್ಟೋ ಮಂದಿ ಇದ್ದಿರಬೇಕು. ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಒಪ್ಪಿದವನು ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಸಣ್ಣ ಡಬ್ಬವನ್ನಿಟ್ಟನು. ಗೋಡೆಯ ಮೇಲಿನ ಕಾಗದಗಳು ಹಾಗೆಯೇ ತೂಗುತ್ತಿದ್ದುವು.

ಇವನ ತಪ್ಪು ಏನೆಂದು ತಿಳಿಯಬೇಕಾದರೆ ಆ ಶಾಸನದ ಹಿಂದಿನ ಚರಿತ್ರೆಯನ್ನು ಸ್ವಲ್ಪ ಅರಿಯಬೇಕು. ಅಲ್ಪ ಪ್ರಮಾಣದ ಗಾಂಜವನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದನ್ನು ನ್ಯೂಯಾರ್ಕ್ ಸಂಸ್ಥಾನವು 1977ರಷ್ಟು ಹಿಂದೆಯೇ ದೊಡ್ಡ ಅಪರಾಧಗಳ ಸಾಲಿನಿಂದ ತೆಗೆದಿತ್ತು. ಆದರೂ ಅದು ಬಹಿರಂಗವಾಗಿ ಕಣ್ಣಿಗೆ ಬಿದ್ದರೆ ಅಪರಾಧವಾಗುತ್ತಿತ್ತು. 2011ರ ಒಂದೇ ವರ್ಷದಲ್ಲಿ ನಗರದ ಪೋಲೀಸರು ಇಂಥ ಸಣ್ಣ ಆಪಾದನೆಯ ಮೇಲೆ ಹಿಡಿದವರ ಸಂಖ್ಯೆ ಸುಮಾರು 50,000. ಅವರಲ್ಲಿ ಬಹುಪಾಲು ಜನ ಕಪ್ಪು ವರ್ಣದವರು ಮತ್ತು ಲ್ಯಾಟಿನೋ ಕುಲದವರು, ಹೆಚ್ಚಿನವರು ತರುಣರು. ಒಮ್ಮೆ ಪೋಲೀಸು ದಫ್ತರದಲ್ಲಿ ಹೆಸರು ಬಿದ್ದವನಿಗೆ ಉದ್ಯೋಗ ಸಿಕ್ಕುವುದು ಕಷ್ಟ, ಬಾಡಿಗೆಯ ಮನೆ ಸಿಕ್ಕುವುದೂ ಕಷ್ಟ. ಹೀಗೆ ಕೆಟ್ಟ ಬಾಳುಗಳಿಗೆ ಪರಿಹಾರ ದೊರೆಯಬೇಕೆಂಬ ಆಶಯದಿಂದಲೇ, ಹಿಂದೆ ಗಾಂಜದ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವರಿಗೂ ಅವರ ಹತ್ತಿರದ ಬಂಧುಗಳಿಗೂ ಮೊದಲ ಚಿಲ್ಲರೆ ಪರವಾನಗಿಗಳನ್ನು ಕಾದಿರಿಸಿದರು. ಕೆಲವು ಧರ್ಮಸಂಸ್ಥೆಗಳಿಗೂ ಅದರಲ್ಲಿ ಪಾಲು ಸಂದಿತು.

ಆಲೋಚನೆ ಉದಾರವಾದುದು. ಆದರೆ ಆ ಪರವಾನಗಿ ಪಡೆದವನ ಪಾಡೇನಾಯಿತು? ಅವನು ಶಾಲೆಯಿಂದ 500 ಅಡಿ, ಪ್ರಾರ್ಥನಾ ಮಂದಿರದಿಂದ 200 ಅಡಿ ದೂರದಲ್ಲಿ ಸ್ಥಳ ಹುಡುಕಬೇಕು. ಗಾಂಜವು ಸಂಸ್ಥಾನದ ಎಲ್ಲೆ ದಾಟುವುದನ್ನು ಒಕ್ಕೂಟದ ಕಾನೂನು ಒಪ್ಪದ ಕಾರಣ, ನ್ಯೂಯಾರ್ಕಿನಲ್ಲಿಯೇ ಬೆಳೆದು ಪರೀಕ್ಷೆಯಾದ ಸರಕನ್ನೇ ಮಾರಬೇಕು. ನೂರಕ್ಕೆ 13ರಂತೆ ಚಿಲ್ಲರೆ ತೆರಿಗೆ ಕೂಡಿಸಬೇಕು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುವುವು. 1970ರ ಒಕ್ಕೂಟದ ಶಾಸನವು ಗಾಂಜವನ್ನು ಅತ್ಯಂತ ಕಠಿಣವಾದ ಪಟ್ಟಿಗೆ ಸೇರಿಸಿದುದೇ ಅದಕ್ಕೆ ಕಾರಣ. ಇದರ ಮೇಲೆ 2023ರ ಆಗಸ್ಟಿನಲ್ಲಿ, ಸೇನಾಸೇವೆಯಲ್ಲಿ ಅಂಗವಿಕಲರಾದ ಕೆಲವು ಮಾಜಿ ಸೈನಿಕರು ತಮ್ಮನ್ನು ಕಡೆಗಣಿಸಿದರೆಂದು ದಾವೆ ಹೂಡಲಾಗಿ, ನ್ಯಾಯಸ್ಥಾನವು ಈ ಪರವಾನಗಿಗಳ ಕಾರ್ಯವನ್ನೇ ತಡೆಹಿಡಿಯಿತು. ನವೆಂಬರಿನಲ್ಲಿ ರಾಜಿಯಾಗುವ ತನಕ ಅಂಗಡಿಗೆಂದು ಹಣ ಹೂಡಿದವರು ಬಾಡಿಗೆ ತೆರುತ್ತ ಕೈಕಟ್ಟಿ ಕುಳಿತರು. ಅವರು ಕಾಯುತ್ತಿದ್ದ ಬೀದಿಯಲ್ಲಿಯೇ ತೆರಿಗೆಯ ಹಂಗಿಲ್ಲದ, ಪರೀಕ್ಷೆಯ ಹಂಗಿಲ್ಲದ ಅಂಗಡಿಗಳು ಹಗಲುಹೊತ್ತಿನಲ್ಲೇ ವ್ಯಾಪಾರ ಮಾಡುತ್ತಿದ್ದುವು. ಒಂದು ಕಾಲಕ್ಕೆ ಗಾಂಜ ಇಟ್ಟುಕೊಂಡುದಕ್ಕಾಗಿ ಕೈಕೋಳ ಕಂಡವನು, ಈಗ ಕಾಯಿದೆಗೆ ವಿಧೇಯನಾಗಿ ನಡೆದುದಕ್ಕಾಗಿ ನಷ್ಟ ಕಂಡನು. ಮೂಲೆಯಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿದ್ದ ಸಣ್ಣ ಡಬ್ಬವು ಯಾರ ಅನ್ನಕ್ಕೆ ಅಡ್ಡಬಂದಿತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಗೃಹಸ್ಥರ ದೂರೂ ಒಂದಿತ್ತು; ಅದು ಎಲ್ಲಕ್ಕಿಂತ ಸರಳವಾದುದು. ಮಕ್ಕಳು ಹಾಲಿಗೂ ಮಿಠಾಯಿಗೂ ಹೋಗುವ ಅಂಗಡಿಯಲ್ಲಿ ಮಿಠಾಯಿಯ ಹೊದಿಕೆಯನ್ನೇ ಹೋಲುವ ಹೊದಿಕೆಯೊಳಗೆ ಗಾಂಜದ ತಿನಿಸು ಇದ್ದರೆ ತಾಯಿಯಾದವಳು ನಿಶ್ಚಿಂತೆಯಿಂದ ಇರುವುದು ಹೇಗೆ? ದೊಡ್ಡವರಿಗೆಂದೇ ಇರುವ ಅಂಗಡಿಯ ಬಾಗಿಲಲ್ಲಿ ವಯಸ್ಸು ವಿಚಾರಿಸುವರು. ಮೂಲೆಯಂಗಡಿಯ ಬಾಗಿಲು ಐದು ವರ್ಷದ ಮಗುವಿಗೂ ತೆರೆದಿರುತ್ತದೆ. ಸರಕಿನ ಶುದ್ಧಿಯೂ ಸಂದೇಹಾಸ್ಪದವಾಗಿತ್ತು. ಔಷಧಕ್ಕಾಗಿ ಗಾಂಜ ಮಾರುವ ಅಧಿಕೃತ ವ್ಯಾಪಾರಿಗಳ ಸಂಘವು 2022ರಲ್ಲಿ ಪರವಾನಗಿಯಿಲ್ಲದ 20 ಅಂಗಡಿಗಳಿಂದ ಸರಕು ತರಿಸಿ ಪರೀಕ್ಷೆ ಮಾಡಿಸಿದಾಗ, ಕೆಲವದರಲ್ಲಿ ಸೀಸವೂ ರೋಗಾಣುಗಳೂ ಕಂಡುಬಂದುವು. ಪರೀಕ್ಷೆ ಮಾಡಿಸಿದವರು ಪ್ರತಿಸ್ಪರ್ಧಿಗಳೆಂಬುದು ನಿಜ. ಆದರೆ ಸೀಸವು ಯಾರು ತೋರಿಸಿದರೂ ಸೀಸವೇ.

ಹೀಗೆ ನಾಲ್ಕು ಕಡೆಯಿಂದಲೂ ಕೂಗೆದ್ದ ಮೇಲೆ ಸರ್ಕಾರವು ಎಚ್ಚತ್ತಿತು. 2023ರ ಮೇ ತಿಂಗಳಲ್ಲಿ, ಪರವಾನಗಿಯಿಲ್ಲದೆ ಮಾರಿದವನಿಗೆ ದಿನವೊಂದಕ್ಕೆ 10,000 ಡಾಲರು, ಅಪರಾಧ ಘೋರವಾದರೆ 20,000 ಡಾಲರು ವರೆಗೆ ಜುಲ್ಮಾನೆ ಹಾಕುವ ಅಧಿಕಾರ ಬಂತು. ಜುಲ್ಮಾನೆಯ ಮೊತ್ತ ಬೆಳೆಯಿತೇ ಹೊರತು, ಅಂಗಡಿಗಳು ಮುಚ್ಚಲಿಲ್ಲ. 2024ರ ಏಪ್ರಿಲಿನಲ್ಲಿ ಇನ್ನೂ ಬಿಗಿಯಾದ ಕಾಯಿದೆಯಾಯಿತು. ಸ್ಥಳೀಯ ಅಧಿಕಾರಿಗಳು ಅಂಗಡಿಗೆ ಒಂದು ವರ್ಷದ ವರೆಗೆ ಬೀಗಮುದ್ರೆ ಹಾಕಬಹುದು. ಅಷ್ಟೇ ಅಲ್ಲದೆ, ಅಕ್ರಮವಾಗಿ ಗಾಂಜ ಮಾರಿದ ವ್ಯಾಪಾರಿಯ ಹೊಗೆಸೊಪ್ಪಿನ, ಮದ್ಯದ, ಲಾಟರಿಯ ಪರವಾನಗಿಗಳನ್ನೂ ಕಿತ್ತುಕೊಳ್ಳಬಹುದು. ಮೇ 7ರಂದು ನಗರದ ಮೇಯರರು ಬೀಗ ಹಾಕುವ ಕಾರ್ಯಾಚರಣೆಯನ್ನು ಪ್ರಾರಂಭಿಸಿದರು. ಷರೀಫನ ಪರಿವಾರವು ಬೀದಿಬೀದಿಗೆ ಹೊರಟಿತು. ಆ ವರ್ಷ ಮುಗಿಯುವುದರೊಳಗೆ ಬೀಗ ಬಿದ್ದ ಅಂಗಡಿಗಳು ಸಾವಿರವನ್ನು ಮೀರಿದುವು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ಕೆಲವರು ನೆನೆಯಬಹುದು. ಆದರೂ ತಡವಾಗಿಯಾದರೂ ಬಾಗಿಲು ಹಾಕಿದುದು ಒಳ್ಳೆಯದೆಂದೇ ಬಹುಮಂದಿ ನೆರೆಹೊರೆಯವರ ಮತ.

ಇಲ್ಲಿ ವಿವೇಕಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಣ್ಣದ ದೀಪ ಹಾಕಿಕೊಂಡು ಹೊಸದಾಗಿ ಬಂದ ಹೊಗೆಯಂಗಡಿಗೆ ಎಷ್ಟೋ ಕಡೆ ಯಾವ ಪರವಾನಗಿಯೂ ಇರಲಿಲ್ಲ. ಇಲ್ಲದುದನ್ನು ಕಿತ್ತುಕೊಳ್ಳುವುದು ಸಾಧ್ಯವೇ? ಅಂಥವನು ಬೀಗ ಬಿದ್ದರೆ ಬೇರೊಬ್ಬರ ಹೆಸರಿನಲ್ಲಿ ಬೇರೊಂದು ಬೀದಿಗೆ ಹೋಗಲು ಹೇಸುವವನಲ್ಲ. ಪರವಾನಗಿಯ ರದ್ದತಿಯು ನಾಟುವುದು ಮೂಲೆಯಂಗಡಿಯವನಿಗೆ. ಅವನು ಮುಕ್ಕಾಲು ಪಾಲು ಕಾಯಿದೆಯ ಒಳಗೇ ಇದ್ದವನು, ತೆರಿಗೆ ತೆತ್ತವನು, ತನಿಖೆಗೆ ಬಂದವರಿಗೆ ಲೆಕ್ಕ ತೋರಿಸಿದವನು. ಕಳೆದುಕೊಳ್ಳಲು ಏನಾದರೂ ಇದ್ದವನಿಗೇ ಈ ಶಿಕ್ಷೆ ಹೆಚ್ಚು. ಇದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಹೊಣೆಯೂ ಅವನದೇ ಹೆಚ್ಚು. ಊರು ಅವನನ್ನು ನಂಬಿ ಹೊಗೆಸೊಪ್ಪನ್ನೂ ಬಿಯರನ್ನೂ ಅವನ ಕೈಗೆ ಕೊಟ್ಟಿದೆ. ಇವೆರಡೂ ಮಕ್ಕಳ ಕೈಗೆ ಸಿಕ್ಕಬಾರದ ವಸ್ತುಗಳು. ಮೂರನೆಯ ವಸ್ತುವನ್ನು ಗುಟ್ಟಾಗಿ ಮಾರಿದವನು ಮೊದಲಿನ ಎರಡನ್ನು ನೇಮದಿಂದ ಮಾರಿಯಾನೆಂದು ಊರು ನಂಬುವುದು ಹೇಗೆ? ಪರವಾನಗಿಯೆಂಬುದು ಲಾಭಕ್ಕೆ ಕೊಟ್ಟ ಇನಾಮಲ್ಲ. ನಂಬಿಕೆಗೆ ಬರೆದುಕೊಟ್ಟ ಪತ್ರ. ನಂಬಿಕೆ ಮುರಿದಲ್ಲಿ ಪತ್ರವನ್ನು ಹಿಂದಕ್ಕೆ ಪಡೆಯುವುದು ನ್ಯಾಯವೇ ಸರಿ. ಐವತ್ತು ಸಾವಿರ ತರುಣರನ್ನು ಹಿಡಿದೊಯ್ದ ಹಳೆಯ ಪದ್ಧತಿಗಿಂತ, ಅಂಗಡಿಯ ಕಾಗದವನ್ನು ಇಳಿಸುವ ಈ ಪದ್ಧತಿ ಹೆಚ್ಚು ಮಾನವೀಯವಾದುದೆಂಬುದರಲ್ಲಿಯೂ ಸಂದೇಹವಿಲ್ಲ.

ಆದರೆ ನ್ಯಾಯವಾದುದನ್ನು ನ್ಯಾಯವಾದ ಕ್ರಮದಿಂದಲೇ ಮಾಡಬೇಕು. ಬೀಗಮುದ್ರೆಯ ವಿಷಯದಲ್ಲಿ ಈ ಪ್ರಶ್ನೆ ಬಹು ಬೇಗ ಎದ್ದಿತು. ಮೊದಲು ಬೀಗ, ಆಮೇಲೆ ವಿಚಾರಣೆ. ವಿಚಾರಣೆ ನಡೆಸಿದ ಅಧಿಕಾರಿಯು ಅಂಗಡಿಯನ್ನು ತೆರೆಯಬಹುದೆಂದು ಶಿಫಾರಸು ಮಾಡಿದರೂ, ಕೊನೆಯ ಮಾತು ಬೀಗ ಹಾಕಿದ ಷರೀಫನದೇ. 2024ರ ಅಕ್ಟೋಬರಿನಲ್ಲಿ ಕ್ವೀನ್ಸ್ ವಿಭಾಗದ ನ್ಯಾಯಾಧೀಶರೊಬ್ಬರು ಈ ಕ್ರಮವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ನಗರಾಡಳಿತವು ಅದರ ಮೇಲೆ ಅಪೀಲು ಹೋಗುವುದಾಗಿ ಸಾರಿತು. ಆಪಾದಿಸಿದವನೇ ತೀರ್ಪುಗಾರನೂ ಆಗಕೂಡದೆಂಬ ತತ್ತ್ವವು ಗಾಂಜದ ಅಂಗಡಿಗೂ ಅನ್ವಯಿಸುತ್ತದೆ. ಪರವಾನಗಿಯ ರದ್ದತಿಯಲ್ಲಿಯೂ ಹಾಗೆಯೇ. ತನಿಖೆಗಾರನು ಕಂಡುದು ಗಾಂಜವೋ ಅಥವಾ ಅಮಲಿಲ್ಲದ ಸೆಣಬಿನ ಸರಕೋ, ಮಾರಿದವನು ಯಜಮಾನನೋ ಅವನಿಗೆ ತಿಳಿಯದಂತೆ ಕೆಲಸದವನೋ, ಇದು ಮೊದಲನೆಯ ತಪ್ಪೋ ಹತ್ತನೆಯದೋ ಎಂಬುದನ್ನು ವಿಚಾರಿಸದೆ ಕಾಗದವನ್ನು ಇಳಿಸಿದರೆ, ಎಮ್ಮೆಗೆ ಜ್ವರ ಬಂದುದಕ್ಕೆ ಎತ್ತಿಗೆ ಬರೆಯೆಳೆದಂತಾದೀತು. ಮರಳಿ ಪಡೆಯಲು ಕಷ್ಟವಾದ ಕಾಗದವನ್ನು ತೆಗೆಯುವ ಕೈ ಅಷ್ಟೇ ನಿಧಾನವಾಗಿರಬೇಕು.

ಅಮಲಿನ ಗಿಡಕ್ಕೆ ಪರವಾನಗಿ ಕೊಟ್ಟು ಹದ್ದಿನಲ್ಲಿಡುವ ಆಲೋಚನೆ ನ್ಯೂಯಾರ್ಕಿನಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಭಾರತದಲ್ಲಿ ಬ್ರಿಟಿಷ್ ಸರ್ಕಾರವು 1893ರಲ್ಲಿ ನೇಮಿಸಿದ ನಿಯೋಗವು ಭಂಗಿ, ಗಾಂಜ, ಚರಸ್ಸುಗಳನ್ನು ಕುರಿತು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಪೂರ್ಣ ನಿಷೇಧ ಬೇಡ, ಲೈಸೆನ್ಸು ಮತ್ತು ತೆರಿಗೆಗಳ ಮೂಲಕ ಅಂಕೆಯಲ್ಲಿಡುವುದು ಲೇಸು ಎಂಬ ತೀರ್ಮಾನಕ್ಕೆ ಬಂದಿತು. ಸ್ವತಂತ್ರ ಭಾರತದ 1985ರ ಕಾಯಿದೆಯು ಗಾಂಜ ಚರಸ್ಸುಗಳನ್ನು ನಿಷೇಧಿಸಿದರೂ, ಹೂಗೊನೆಯಿಲ್ಲದ ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಅದರಿಂದಲೇ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸು ಪಡೆದ ಭಂಗಿಯ ಅಂಗಡಿಗಳು ಉಳಿದುವು. ಅಂಕೆಯೆಂಬುದು ಬಾಗಿಲಿನ ಹಾಗೆ. ಬಾಗಿಲು ಇರುವುದೇ ಮುಚ್ಚುವುದಕ್ಕೂ ತೆರೆಯುವುದಕ್ಕೂ. ಗೋಡೆಯಲ್ಲಿ ಬಾಗಿಲ ಗುರುತನ್ನು ಬರೆದು, ಕದ ಕೂಡಿಸಲು ಎರಡು ವರ್ಷ ತೆಗೆದುಕೊಂಡರೆ, ಜನ ಗೋಡೆಯನ್ನು ಕೊರೆದು ಒಳನುಗ್ಗುವರು. ನ್ಯೂಯಾರ್ಕಿನಲ್ಲಿ ನಡೆದುದು ಇದೇ.

ಆದಕಾರಣ ಮೂಲೆಯಂಗಡಿಯವನ ತಪ್ಪನ್ನು ಎಣಿಸುವಾಗ ಸರ್ಕಾರದ ತಪ್ಪನ್ನೂ ಪಕ್ಕದಲ್ಲಿಟ್ಟು ಎಣಿಸುವುದು ಧರ್ಮ. ಅಪ್ಪಣೆಯನ್ನು ಮೊದಲು ಕೊಟ್ಟು ಅಂಗಡಿಯನ್ನು ಆಮೇಲೆ ತೆರೆದುದು ಸರ್ಕಾರ. ಎರಡು ವರ್ಷ ಕಣ್ಣುಮುಚ್ಚಿ, ಮೂರನೆಯ ವರ್ಷ ಕಣ್ಣು ಕೆಂಪು ಮಾಡಿದುದೂ ಸರ್ಕಾರವೇ. ಕಂಡೂ ಕಾಣದಂತಿರುವ ಅಧಿಕಾರಿಯ ಮೌನವನ್ನು ಸಾಮಾನ್ಯನು ಒಪ್ಪಿಗೆಯೆಂದೇ ತಿಳಿಯುತ್ತಾನೆ. ಇದರಿಂದ ಅವನ ತಪ್ಪು ತಪ್ಪಲ್ಲವೆಂದಾಗದು. ಏಕೆಂದರೆ ಅದೇ ಬೀದಿಯಲ್ಲಿ ಅದೇ ಬಾಡಿಗೆ ತೆತ್ತು, ಅದೇ ನಷ್ಟ ಸಹಿಸಿ, ಆ ಡಬ್ಬವನ್ನು ಒಳಗೆ ಬಿಟ್ಟುಕೊಳ್ಳದ ಅಂಗಡಿಕಾರರೂ ಇದ್ದರು. ಶಿಕ್ಷೆಯನ್ನು ಅಳೆಯುವವರು ಅವರನ್ನು ಮರೆಯಬಾರದು. ತಪ್ಪಿದವನಿಗೆ ತೋರಿಸುವ ದಯೆಯು ತಪ್ಪದವನಿಗೆ ಮಾಡುವ ಅವಮಾನವಾಗಬಾರದು.

2017ರ ಫೆಬ್ರವರಿ 2ರಂದು, ತಮ್ಮ ದೇಶದವರ ಪ್ರವೇಶವನ್ನು ಅಮೆರಿಕಾ ಸರ್ಕಾರವು ನಿರ್ಬಂಧಿಸಿದುದನ್ನು ಪ್ರತಿಭಟಿಸಿ, ನ್ಯೂಯಾರ್ಕಿನ ಯೆಮನ್ ಮೂಲದ ವ್ಯಾಪಾರಿಗಳು ಸಾವಿರಕ್ಕೂ ಹೆಚ್ಚು ಅಂಗಡಿಗಳನ್ನು ತಾವಾಗಿಯೇ ಮುಚ್ಚಿದ್ದರು. ದಿನವೆಲ್ಲ ತೆರೆದಿರುವ ಬಾಗಿಲುಗಳು ಒಂದು ಮಧ್ಯಾಹ್ನ ಮುಚ್ಚಿದಾಗಲೇ, ಈ ಅಂಗಡಿಗಳು ತಮ್ಮ ಬೀದಿಗೆ ಏನೆಂಬುದು ಎಷ್ಟೋ ಮಂದಿಗೆ ಮೊದಲ ಬಾರಿಗೆ ಹೊಳೆಯಿತು. ನೆರೆಯವರು ಮುಚ್ಚಿದ ಕದಗಳಿಗೆ ಪ್ರೀತಿಯ ಚೀಟಿಗಳನ್ನು ಅಂಟಿಸಿದರು. ಆ ಚೀಟಿಗಳಿಗೆ ಸರ್ಕಾರದ ಮೊಹರು ಇರಲಿಲ್ಲ. ಆದರೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಕಾಗದಕ್ಕೆ ಬೆಲೆ ಬರುವುದು ಆ ಚೀಟಿಗಳಿಂದಲೇ. ಊರಿನ ನಂಬಿಕೆಯು ಮೊದಲು. ಪರವಾನಗಿಯು ಅದರ ನಕಲು. ಇಷ್ಟನ್ನು ಅಂಗಡಿಕಾರನು ನೆನಪಿನಲ್ಲಿಟ್ಟರೆ ಗಲ್ಲಾಪೆಟ್ಟಿಗೆಯ ಕೆಳಗೆ ಡಬ್ಬ ಸೇರಲಾರದು. ಕಾಗದವನ್ನು ಕೊಡುವವರೂ ತೆಗೆಯುವವರೂ ನೆನಪಿನಲ್ಲಿಟ್ಟರೆ, ಅದನ್ನು ಇಳಿಸಬೇಕಾದ ದಿನದಲ್ಲಿಯೂ ಅವರ ಕೈ ತೂಕ ತಪ್ಪಲಾರದು.